ಕುತ್ತಿಗೆಯ ದಣಿವನ್ನು ಅಳೆಯುವ ಬಗೆ: ಅಣಶಿ ಭಾಗದ ಕಚೇರಿಗಳನ್ನು ಕುರಿತ ಒಂದು ವಿಧಾನಚರ್ಚೆ

ಸಾರಾಂಶ: ಕಂಪ್ಯೂಟರ್ ಕೆಲಸದಿಂದ ಬರುವ ಕುತ್ತಿಗೆಯ ದಣಿವನ್ನು ಅಳೆಯುವ ವಿಧಾನಗಳು ಜೋಯಿಡಾ ತಾಲ್ಲೂಕಿನ ಅಣಶಿಯಂತಹ ಕಾಡಿನ ಊರುಗಳ ಕಚೇರಿಗಳಿಗೆ ಎಷ್ಟು ಒಗ್ಗುತ್ತವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ನೌಕರರನ್ನು ಸರಾಸರಿಗೆ ಹೋಲಿಸದೆ, ಅವರ ಸಂಜೆಯ ಸ್ಥಿತಿಯನ್ನು ಅವರದೇ ಬೆಳಗಿನ ಸ್ಥಿತಿಗೆ ಹೋಲಿಸಬೇಕೆಂಬುದು ಇಲ್ಲಿನ ವಾದ.

1. ಕೆಲಸದ ಸ್ವರೂಪ

2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು. ಆಮೇಲೆ ಪಂಚಾಯಿತಿ, ನಾಡಕಚೇರಿಗಳ ದಾಖಲೆಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಡಾಟಾ ಎಂಟ್ರಿ ಮಾಡುವವರು ಮೇಜಿನ ಮೇಲಿನ ರಿಜಿಸ್ಟರನ್ನು ಕತ್ತು ಬಗ್ಗಿಸಿ ಓದಿ, ತಲೆಯೆತ್ತಿ ಪರದೆ ನೋಡಿ, ಮತ್ತೆ ಕೀಲಿಮಣೆಗೆ ಕಣ್ಣಿಳಿಸುತ್ತಾರೆ. ರಿಜಿಸ್ಟರ್ ಎಡಗಡೆ ಇದ್ದರೆ ಪ್ರತಿ ನಮೂದಿಗೂ ಕತ್ತು ಎಡಕ್ಕೇ ಹೊರಳುತ್ತದೆ. ಕರೆಂಟು ಹೋದರೆ, ಸರ್ವರ್ ಸಿಗದಿದ್ದರೆ ಕೆಲಸ ನಿಲ್ಲುತ್ತದೆ. ಅವು ಮತ್ತೆ ಬಂದ ಕೂಡಲೇ ಬಾಕಿಯೆಲ್ಲ ಒಟ್ಟಿಗೆ ಮುಗಿಯಬೇಕು. ಆದ್ದರಿಂದ ದಿನದ ಒಟ್ಟು ಗಂಟೆಗಳಿಗಿಂತ ಎಡೆಬಿಡದೆ ಕೂತ ಅವಧಿಯನ್ನು ದಾಖಲಿಸುವುದು ಮುಖ್ಯ.

2. ವಿಧಾನಗಳು

ಎಲೆಕ್ಟ್ರೋಮಯೋಗ್ರಫಿ: ಹೆಗಲ ಮೇಲಿನ ಟ್ರಪೀಜಿಯಸ್ ಸ್ನಾಯುವಿನ ಮೇಲೆ ವಿದ್ಯುದ್ವಾರ ಅಂಟಿಸಿ ಸಂಕೇತ ಪಡೆಯುತ್ತಾರೆ. ಸ್ನಾಯು ದಣಿದಂತೆ ಸಂಕೇತದ ಮಧ್ಯಾಂಕ ಆವರ್ತನ ಇಳಿದು, ಪ್ರಬಲತೆ ಏರುತ್ತದೆ. ಆದರೆ ಟೈಪಿಂಗ್‌ನಂತಹ ಹಗುರ ಕೆಲಸದಲ್ಲಿ ಈ ಬದಲಾವಣೆ ಸದಾ ಸ್ಪಷ್ಟವಾಗಿ ಕಾಣದು. ಮಳೆಗಾಲದ ಚಳಿಗೆ ಸ್ನಾಯು ತಣ್ಣಗಾದರೂ ಆವರ್ತನ ಇಳಿಯುವುದರಿಂದ ಕೋಣೆಯ ಉಷ್ಣತೆಯನ್ನೂ ಬರೆದಿಡಬೇಕು.

ಭಂಗಿ: ತಲೆ 60 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಹೊರೆ ಬೀಳುತ್ತದೆಂದು 2014ರಲ್ಲಿ ಕೆನೆತ್ ಹನ್ಸ್‌ರಾಜ್ ಪ್ರಕಟಿಸಿದ ಅಂಕಿ ಎಲ್ಲೆಡೆ ಉದ್ಧೃತವಾಗುತ್ತದೆ. ಅದು ಗಣಿತ ಮಾದರಿಯಿಂದ ಬಂದ ಹೊರೆಯ ಲೆಕ್ಕ, ದಣಿವಿನ ಅಳತೆಯಲ್ಲ.

ತಾಳಿಕೆ: ಅಂಗಾತ ಮಲಗಿ, ಗದ್ದ ಒಳಗೆಳೆದು, ತಲೆಯನ್ನು ತುಸು ಎತ್ತಿ ಹಿಡಿಯುವ ಪರೀಕ್ಷೆಯಲ್ಲಿ ಆರೋಗ್ಯವಂತ ಗಂಡಸರ ಸರಾಸರಿ ಸುಮಾರು 39 ಸೆಕೆಂಡು, ಹೆಂಗಸರದು 29 ಎಂದು 2011ರ ಒಂದು ಅಧ್ಯಯನ ಹೇಳುತ್ತದೆ. ಒಬ್ಬರಿಂದೊಬ್ಬರಿಗೆ ಅಂತರ ಬಹಳವಿರುವುದರಿಂದ ಒಂದೇ ಸಲದ ಅಳತೆ ಹೆಚ್ಚೇನೂ ತಿಳಿಸದು. ಇದು ಕತ್ತಿನ ಮುಂಭಾಗದ ಸ್ನಾಯುಗಳ ಪರೀಕ್ಷೆ. ಬಗ್ಗಿದ ತಲೆಯನ್ನು ಹಿಡಿದಿಡುವವು ಹಿಂಭಾಗದವು. ಮೇಲಾಗಿ, ಜನ ಸರದಿಯಲ್ಲಿ ನಿಂತಿರುವ ಪಂಚಾಯಿತಿ ಕೋಣೆಯಲ್ಲಿ ಸೀರೆಯುಟ್ಟ ನೌಕರರನ್ನು ಮಲಗಿಸುವುದು ಸರಿಯಲ್ಲ.

ಬೋರ್ಗ್ ಮಾಪಕ: ದಣಿವು ‘ಏನೂ ಇಲ್ಲ’ ಎಂಬ 0ಯಿಂದ ‘ವಿಪರೀತ’ ಎಂಬ 10ರವರೆಗೆ ನೌಕರರೇ ಅಂಕ ಕೊಡುತ್ತಾರೆ. ಖರ್ಚಿಲ್ಲ, ಕೆಲಸ ಕೆಡುವುದಿಲ್ಲ. ಆದರೆ ಕುಣಬಿ ಸಮುದಾಯದವರೂ ಸೇರಿ ಇಲ್ಲಿ ಅನೇಕರ ಮನೆಮಾತು ಕೊಂಕಣಿ. ಮಾಪಕದ ಮಾತುಗಳನ್ನು ಕನ್ನಡ, ಕೊಂಕಣಿ ಎರಡರಲ್ಲೂ ಮೊದಲು ಪರೀಕ್ಷಿಸಿ ನೋಡಬೇಕು.

3. ಉಪಸಂಹಾರ

ಬೆಳಗ್ಗೆ, ಊಟಕ್ಕೆ ಮುಂಚೆ, ಕಚೇರಿ ಮುಚ್ಚುವ ಹೊತ್ತಿಗೆ ಬೋರ್ಗ್ ಅಂಕ. ಜೊತೆಗೆ ಕೆಲಸದ ಮತ್ತು ಕರೆಂಟಿನ ವೇಳಾದಾಖಲೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಭಂಗಿಯ ಕೋನ: ಊರ ಕಚೇರಿಗೆ ಈ ಮೂರು ಸಾಕು. ಎಲೆಕ್ಟ್ರೋಮಯೋಗ್ರಫಿಯನ್ನು ಕೆಲವೇ ನೌಕರರ ಮೇಲೆ, ಕಾರವಾರ ಅಥವಾ ಹುಬ್ಬಳ್ಳಿಯಂತಹ ಊರಿನಲ್ಲಿ, ಈ ಅಂಕಗಳನ್ನು ತಾಳೆ ನೋಡಲು ಮಾತ್ರ ಬಳಸಬಹುದು. ದಣಿವು ಎಂಬುದು ಹೊತ್ತಿನೊಡನೆ ಆಗುವ ಬದಲಾವಣೆ. ಒಮ್ಮೆ ಮಾತ್ರ ಅಳೆದ ಅಧ್ಯಯನ ನೋವನ್ನು ಎಣಿಸಬಲ್ಲುದು, ದಣಿವನ್ನು ಅಳೆಯಲಾರದು.