ಟ್ರಂಕು ಸೇರಿದ ಕಿವಿ ಮಿಷನ್ನು

ಅಜ್ಜಂಪುರದ ಕಡೆ ಹಳ್ಳಿಗಳಲ್ಲಿ ‘ಶ್ರವಣ ಸಾಧನ’ ಅಂದರೆ ಯಾರಿಗೂ ಥಟ್ಟನೆ ತಿಳಿಯುವುದಿಲ್ಲ, ‘ಕಿವಿ ಮಿಷನ್ನು’ ಅನ್ನಬೇಕು. ನಮ್ಮ ಗುಂಪಿನ ಒಬ್ಬರ ಮನೆಯ ಟ್ರಂಕಿನಲ್ಲೂ ಅಂಥದ್ದೊಂದಿದೆ. ಹಾಕಿಕೊಂಡ ದಿನವೇ ಎಲ್ಲ ಸ್ಪಷ್ಟವಾಗಿ ಕೇಳುತ್ತದೆ ಎಂಬ ಜಾಹೀರಾತು ನಂಬಿ ಅಜ್ಜ ಅಂಚೆಯಲ್ಲಿ ತರಿಸಿದ್ದರು. ಕೇಳಿಸಿದ್ದು ಬರೀ ಸಿಳ್ಳೆ. “ನನ್ನ ಕಿವಿನೇ ಸರಿಯಿಲ್ಲ ಬಿಡ್ರಪ್ಪ” ಎಂದು ಸುಮ್ಮನಾದರು.

ತಪ್ಪು ಕಿವಿಯದೋ, ಮಾರಿದವರದೋ? ಕಾನೂನಿನಲ್ಲಿ ಇದು ಹಳೆಯ ಪ್ರಶ್ನೆ.

1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ನೋಡಿ ಕೊಳ್ಳುವ ಹೊಣೆ ಹೆಚ್ಚಾಗಿ ಕೊಳ್ಳುವವನದೇ. ಇಂಥ ಕೆಲಸಕ್ಕೆ ಬೇಕು ಎಂದು ಹೇಳಿ, ವ್ಯಾಪಾರಿಯ ತಿಳಿವಳಿಕೆ ನಂಬಿ ಕೊಂಡಿದ್ದರೆ ವಿನಾಯಿತಿ ಉಂಟು. ಅದಕ್ಕೂ ಸಿವಿಲ್ ಕೋರ್ಟಿಗೆ ಅಲೆಯಬೇಕಿತ್ತು.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಜಿಲ್ಲೆಗೊಂದು ಗ್ರಾಹಕ ವೇದಿಕೆ ಬಂತು. ವಕೀಲರಿಲ್ಲದೆಯೂ ದೂರು ಕೊಡಬಹುದಾಯಿತು. ಆದರೆ ಮಾರಿದವರು ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆಯೇ ದೂರು ಹಾಕಬೇಕಿತ್ತು. ದೂರದ ಊರಿಂದ ತರಿಸಿಕೊಂಡವರಿಗೆ ಇದೇ ತೊಡಕು.

2019ರ ಹೊಸ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದು ಈ ತೊಡಕು ಬಿಡಿಸಿತು. ಈಗ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಜ್ಜಂಪುರ ತರೀಕೆರೆ ತಾಲ್ಲೂಕಿನಿಂದ ಬೇರೆಯಾದರೂ ಜಿಲ್ಲೆ ಬದಲಾಗಿಲ್ಲ. ನಮ್ಮ ಆಯೋಗ ಚಿಕ್ಕಮಗಳೂರಿನಲ್ಲೇ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಸುಳ್ಳು ಜಾಹೀರಾತಿಗೆ ದಂಡವೂ ಉಂಟು.

ಹಾಗಂತ ಕೇಳದ ಮಿಷನ್ನೆಲ್ಲ ಮೋಸವಲ್ಲ. ಅದು ಕಿವಿಯನ್ನು ಹೊಸದು ಮಾಡುವುದಿಲ್ಲ, ಶಬ್ದವನ್ನು ಹೆಚ್ಚಿಸುತ್ತದೆ ಅಷ್ಟೇ. ಮೊದಲು ಕಿವಿ ಪರೀಕ್ಷೆ ಆಗಬೇಕು, ಆಮೇಲೆ ಅದಕ್ಕೆ ತಕ್ಕ ಹೊಂದಿಕೆ. ಈ ಕೆಲಸಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ತಜ್ಞರನ್ನು ತಯಾರು ಮಾಡುತ್ತಿದೆ. ಕಿವಿಗೆ ಸರಿಯಾಗಿ ಕೂರದಿದ್ದರೆ ಒಳಗಿನ ಶಬ್ದ ಸೋರಿ ಮತ್ತೆ ಮೈಕಿಗೆ ಹೋಗುತ್ತದೆ. ಸಿಳ್ಳೆ ಏಳುವುದು ಹೆಚ್ಚಾಗಿ ಹೀಗೆ. ಅಜ್ಜನ ಕಿವಿಯನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ.

ಆದ್ದರಿಂದ ಬಿಲ್ಲು, ವಾರಂಟಿ ಕಾರ್ಡು, ಜಾಹೀರಾತಿನ ಫೋಟೋ, ಕಿವಿ ಪರೀಕ್ಷೆಯ ಚೀಟಿ ಎಲ್ಲ ಎತ್ತಿಡಿ. ಮಿಷನ್ನನ್ನೂ ಬಿಸಾಡಬೇಡಿ. ಅಗತ್ಯ ಬಿದ್ದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ದೂರು ಕೊಡಲು ಎರಡು ವರ್ಷ ಗಡುವು. ಮೊದಲು ವಿಚಾರಿಸಬೇಕೆಂದರೆ 1915ಕ್ಕೆ ಫೋನ್ ಮಾಡಿ.

ನಾವೂ ಟ್ರಂಕು ತೆಗೆದು ಬಿಲ್ಲು ಹುಡುಕಿದೆವು. ಕೊಂಡು ಒಂದು ವರ್ಷ ಎಂಟು ತಿಂಗಳಾಗಿದೆ. ಇನ್ನೂ ನಾಲ್ಕು ತಿಂಗಳು ಇದೆ ಎಂದು ಅಜ್ಜನ ಕಿವಿಯ ಹತ್ತಿರ ಹೋಗಿ, ಗಟ್ಟಿಯಾಗಿ ಹೇಳಿದೆವು.