ನಿಂತು ನೋಡುವ ಜನ, ನೆರವಿಗೆ ಬರುವ ಜನ: ಮಹಾನಗರದಲ್ಲಿ ಅಪರಿಚಿತರ ಕರುಣೆ

ನಗರದ ನಡುರಸ್ತೆಯಲ್ಲಿ ಒಬ್ಬರು ಗಾಯಗೊಂಡು ಬಿದ್ದಿದ್ದಾರೆ, ಸುತ್ತ ಜನ ನೆರೆದಿದ್ದಾರೆ, ಯಾರೂ ಮುಂದೆ ಬರುತ್ತಿಲ್ಲ. ಇಂಥ ಸುದ್ದಿ ಓದಿದಾಗಲೆಲ್ಲ ‘ಊರು ಬೆಳೆದಂತೆ ಮನುಷ್ಯತ್ವ ಸತ್ತಿತು’ ಎಂಬ ಮಾತು ಕೇಳಿಬರುತ್ತದೆ. ಅರವತ್ತು ವರ್ಷಗಳ ಸಂಶೋಧನೆ ಈ ಮಾತನ್ನು ಒಪ್ಪುವುದಿಲ್ಲ. ನೋಡುಗರ ಕೈ ಕಟ್ಟಿಹಾಕುವುದು ಹೆಚ್ಚಾಗಿ ಎರಡು ಸಂಗತಿಗಳು: ಇದು ಯಾರ ಹೊಣೆ ಎಂಬ ಗೊಂದಲ ಮತ್ತು ಆಮೇಲೆ ಏನಾದೀತೋ ಎಂಬ ಭಯ. ಇವೆರಡಕ್ಕೂ ಪರಿಹಾರವಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಈ ಅಧ್ಯಯನದ ಆರಂಭಬಿಂದು ನ್ಯೂಯಾರ್ಕ್‌ನ ಒಂದು ಕೊಲೆ. 1964ರ ಮಾರ್ಚ್ 13ರ ನಸುಕಿನಲ್ಲಿ, ಕೆಲಸ ಮುಗಿಸಿ ಮನೆಗೆ ಮರಳಿದ್ದ 28 ವರ್ಷದ ಕಿಟ್ಟಿ ಜಿನೊವೀಸ್ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಇರಿತಕ್ಕೆ ಬಲಿಯಾದರು. ಎರಡು ವಾರಗಳ ನಂತರ ‘ನ್ಯೂಯಾರ್ಕ್ ಟೈಮ್ಸ್’, 38 ಮಂದಿ ಅರ್ಧ ಗಂಟೆಗೂ ಹೆಚ್ಚು ಕಾಲ ಸುಮ್ಮನೆ ನೋಡುತ್ತಿದ್ದರೆಂದು ಬರೆಯಿತು. ಕಲ್ಲೆದೆಯ ನಗರದ ಕಥೆ ಅಲ್ಲಿಂದ ಪಠ್ಯಪುಸ್ತಕಗಳಿಗೆ ಹಬ್ಬಿತು.

ಆ ಕಥೆ ಪೂರ್ತಿ ನಿಜವಾಗಿರಲಿಲ್ಲ. ದಾಖಲೆಗಳನ್ನು ಮರುಪರಿಶೀಲಿಸಿದ ರೇಚಲ್ ಮ್ಯಾನಿಂಗ್ ಮತ್ತು ಸಂಗಡಿಗರು, 38 ಪ್ರತ್ಯಕ್ಷದರ್ಶಿಗಳು ಕೈಕಟ್ಟಿ ನಿಂತಿದ್ದರೆಂಬುದಕ್ಕೆ ಆಧಾರವಿಲ್ಲವೆಂದು 2007ರಲ್ಲಿ ತೋರಿಸಿದರು. ಎರಡನೆಯ ಹಲ್ಲೆ ನಡೆದದ್ದು ಕಟ್ಟಡದ ಹಿಂಬದಿಯ ಮೆಟ್ಟಿಲ ಬುಡದಲ್ಲಿ, ಬಹುತೇಕರ ಕಣ್ಣಿಗೆ ಮರೆಯಾಗಿ. ಅದಕ್ಕೆ ಮೊದಲು ಒಬ್ಬಾತ ಕಿಟಕಿಯಿಂದ ಗದರಿ ಹಂತಕನನ್ನು ಓಡಿಸಿದ್ದ. ನೆರೆಮನೆಯ ಹೆಂಗಸೊಬ್ಬರು ಓಡಿಬಂದು, ಸಾಯುತ್ತಿದ್ದ ಆಕೆಯನ್ನು ತೋಳಲ್ಲಿ ಹಿಡಿದುಕೊಂಡಿದ್ದರು. ತನ್ನ ವರದಿಯಲ್ಲಿ ದೋಷವಿತ್ತೆಂದು ಆ ಪತ್ರಿಕೆ 2016ರಲ್ಲಿ ಒಪ್ಪಿಕೊಂಡಿತು.

ವರದಿ ತಪ್ಪಾಗಿದ್ದರೂ ಅದು ಎಬ್ಬಿಸಿದ ಪ್ರಶ್ನೆ ಗಟ್ಟಿಯಾಗಿತ್ತು. ಜಾನ್ ಡಾರ್ಲಿ ಮತ್ತು ಬಿಬ್ ಲಾಟನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಬ್ಬೊಬ್ಬರೇ ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಇಂಟರ್‌ಕಾಮ್‌ನಲ್ಲಿ ಮಾತಾಡುತ್ತಿದ್ದರು. ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸುತ್ತಿತ್ತು. ಅದು ಮೊದಲೇ ಮುದ್ರಿಸಿಟ್ಟ ಧ್ವನಿ. ಅದನ್ನು ಕೇಳುತ್ತಿರುವವರು ತಾವೊಬ್ಬರೇ ಎಂದುಕೊಂಡವರಲ್ಲಿ ಶೇ. 85 ಮಂದಿ ಆ ಸ್ವರ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಎದ್ದವರು ಶೇ. 31 ಮಾತ್ರ. ಹೊಣೆ ಹಂಚಿಹೋದಾಗ ಅದು ಯಾರದೂ ಅಲ್ಲದಂತಾಯಿತು.

ಆದರೆ ಏಳದೆ ಕುಳಿತವರು ನಿರಾಳವಾಗಿರಲಿಲ್ಲ. ಸಂಶೋಧಕರು ಒಳಗೆ ಬಂದಾಗ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು, ‘ಅವನು ಹೇಗಿದ್ದಾನೆ?’ ಎಂದು ಅವರೇ ಕೇಳುತ್ತಿದ್ದರು. ನಿರ್ಲಕ್ಷ್ಯ ಎಂದು ಹೊರಗಿನವರು ಕರೆಯುವ ಸ್ಥಿತಿಯೊಳಗೆ ಎಷ್ಟೊಂದು ಸಂಕಟವಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಪ್ರಯೋಗಾಲಯದಿಂದ ಬೀದಿಗೆ ಬಂದರೆ ಚಿತ್ರ ಇನ್ನೂ ಆಶಾದಾಯಕ. ರಿಚರ್ಡ್ ಫಿಲ್ಪಾಟ್ ಮತ್ತು ಸಂಗಡಿಗರು ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ 219 ಬೀದಿ ಜಗಳಗಳ ಸಿಸಿಟಿವಿ ದೃಶ್ಯಗಳನ್ನು ಪರಿಶೀಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 91ರಷ್ಟು ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು: ಹೊಡೆಯುವವನನ್ನು ಹಿಂದಕ್ಕೆಳೆದರು, ಅಡ್ಡ ನಿಂತರು, ಪೆಟ್ಟು ತಿಂದವರನ್ನು ಸಂತೈಸಿದರು. ಜನ ಹೆಚ್ಚಿದಷ್ಟೂ ಯಾರಾದರೊಬ್ಬರು ನೆರವಾಗುವ ಸಾಧ್ಯತೆಯೂ ಹೆಚ್ಚಿತ್ತು. ಎರಡೂ ಅಧ್ಯಯನಗಳು ನಿಜವೇ. ಗುಂಪಿನಲ್ಲಿ ಒಬ್ಬೊಬ್ಬರ ಹೆಜ್ಜೆ ನಿಧಾನವಾದರೂ, ಗುಂಪಿನೊಳಗಿಂದ ಒಬ್ಬರು ಮುಂದೆ ಬರುವುದೇ ಹೆಚ್ಚು.

ಭಾರತದಲ್ಲಿ ಗೊಂದಲಕ್ಕೆ ಭಯವೂ ಸೇರಿಕೊಂಡಿತು. ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 74 ಮಂದಿ ಅಪಘಾತದ ಗಾಯಾಳುವಿಗೆ ನೆರವಾಗುವುದು ಅನುಮಾನ ಎಂದಿದ್ದರು. ಅವರಲ್ಲಿ ಶೇ. 88 ಮಂದಿ ಕೊಟ್ಟ ಕಾರಣ ಪೊಲೀಸ್ ವಿಚಾರಣೆ, ಕೋರ್ಟಿನ ಅಲೆದಾಟದಂಥ ಕಾನೂನಿನ ತೊಡಕು. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೊರವಲಯದ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಯುವಕನೊಬ್ಬ, ಪ್ರಾಣ ಹೋಗುವ ಮುನ್ನ ತನ್ನ ಅಂಗಾಂಗ ದಾನ ಮಾಡುವಂತೆ ಬೇಡಿಕೊಂಡ. ಆ ಹೊತ್ತಿನಲ್ಲೂ ಮೊಬೈಲಿನಲ್ಲಿ ಚಿತ್ರೀಕರಣ ನಡೆದಿತ್ತು. ಅವನ ಕಣ್ಣುಗಳು ದಾನವಾದವು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆ ಒದಗಿಸುವ ಯೋಜನೆಯನ್ನು ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ತಂದಿತು.

ಕಾನೂನೂ ಬದಲಾಗಿದೆ. ನೆರವಾದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಕಡ್ಡಾಯಗೊಳಿಸಿತು. ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ‘134ಎ’ ಸೆಕ್ಷನ್ ಸೇರಿಸಿತು. ಅದರಂತೆ, ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳುವಂತೆ ಪೊಲೀಸರು ಅವರನ್ನು ಬಲವಂತ ಮಾಡುವಂತಿಲ್ಲ.

ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು. ಈ ಹಕ್ಕುಗಳನ್ನು ಆಸ್ಪತ್ರೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲೂ ಪ್ರದರ್ಶಿಸಬೇಕೆಂಬ ನಿಯಮ ಎಲ್ಲೆಡೆ ಪಾಲನೆಯಾಗಬೇಕು. ವಾಹನ ಚಾಲನಾ ಪರವಾನಗಿ ಕೊಡುವಾಗಲೇ ಪ್ರಥಮ ಚಿಕಿತ್ಸೆ ಕಲಿಸಬೇಕು. ಡಾರ್ಲಿ–ಲಾಟನೆಯರ ಪ್ರಯೋಗದಿಂದ ಪ್ರತಿಯೊಬ್ಬ ನಾಗರಿಕರೂ ಇಂದೇ ಕಲಿಯಬಹುದಾದದ್ದೂ ಒಂದಿದೆ. ಗುಂಪಿನ ಕಡೆ ತಿರುಗಿ ‘ಯಾರಾದ್ರೂ ಬನ್ನಿ’ ಎನ್ನುವ ಬದಲು ಒಬ್ಬರನ್ನೇ ಗುರುತಿಸಿ, ‘ನೀಲಿ ಅಂಗಿ ಹಾಕ್ಕೊಂಡಿರೋರೇ, 108ಕ್ಕೆ ಫೋನ್ ಮಾಡಿ’ ಎನ್ನಬೇಕು. ಶಾಲೆ, ಕಾಲೇಜು, ಬಸ್ ಡಿಪೋ, ಆಟೋ ನಿಲ್ದಾಣಗಳಲ್ಲಿ ಇದನ್ನು ಕಲಿಸುವ ಕೆಲಸವನ್ನು ಸಾರಿಗೆ ಮತ್ತು ಆರೋಗ್ಯ ಇಲಾಖೆಗಳು ಒಟ್ಟಾಗಿ ಕೈಗೆತ್ತಿಕೊಳ್ಳಬೇಕು.