ಅರ್ಥವಾಗುವ ಭಾಷೆಯಲ್ಲಿ ದೇವರ ಮಾತು

ಭಾನುವಾರ ಬೆಳಿಗ್ಗೆ ಕಥೋಲಿಕ ಚರ್ಚಿನ ಮುಂದೆ ಹಾದುಹೋಗುವಾಗ ಕನ್ನಡದಲ್ಲೋ ಕೊಂಕಣಿಯಲ್ಲೋ ಬೈಬಲ್ ಓದುವ ದನಿ ನಮ್ಮ ಕಿವಿಗೂ ಬೀಳುತ್ತದೆ. ಅದು ಹಿಂದಿನಿಂದಲೂ ಹಾಗೆಯೇ ಇತ್ತೆಂದು ನಾವು ಭಾವಿಸುತ್ತೇವೆ. ಆದರೆ 1960ರ ದಶಕದ ಆರಂಭದವರೆಗೂ ಅಲ್ಲಿಯ ಪೂಜೆಯ ಭಾಷೆ ಲ್ಯಾಟಿನ್. ಅದು ಬಂದುಹೋದ ಕತೆ ಕಥೋಲಿಕರಿಗಷ್ಟೇ ಸೇರಿದ್ದಲ್ಲ. ಒಂದು ಭಾಷೆಯಲ್ಲಿ ಪ್ರಾರ್ಥಿಸಿ ಇನ್ನೊಂದು ಭಾಷೆಯಲ್ಲಿ ಬದುಕುವ ನಮ್ಮಂಥವರಿಗೂ ಅದರಲ್ಲಿ ಪಾಠವಿದೆ.

ಕ್ರಿ.ಶ. 150ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ವಿದ್ವಾಂಸ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಕ್ರೈಸ್ತರ ಆರಾಧನೆಯನ್ನು ವಿವರಿಸಿದ್ದಾನೆ. ಭಾನುವಾರ ಎಲ್ಲರೂ ಒಂದೆಡೆ ಸೇರುತ್ತಾರೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿದ್ದಷ್ಟು ಓದುತ್ತಾರೆ. ಬಳಿಕ ಮುಖ್ಯಸ್ಥನು ಅದರಂತೆ ನಡೆಯಿರೆಂದು ಬೋಧಿಸುತ್ತಾನೆ. ಆಗ ಅವರ ಭಾಷೆ ಗ್ರೀಕ್. ಗ್ರೀಕ್ ತಿಳಿಯದವರು ಹೆಚ್ಚಿದಂತೆ ರೋಮಿನ ಧರ್ಮಸಭೆ ಲ್ಯಾಟಿನ್‌ಗೆ ಹೊರಳಿತು. 382ರ ಸುಮಾರಿಗೆ ಪೋಪ್ ದಮಾಸಸ್, ಜೆರೋಮ್ ಎಂಬ ಪಂಡಿತನಿಗೆ ಲ್ಯಾಟಿನ್ ಶುಭಸಂದೇಶಗಳನ್ನು ಪರಿಷ್ಕರಿಸಲು ಹೇಳಿದರು. ಅಂದರೆ, ಲ್ಯಾಟಿನ್ ಬಂದದ್ದೇ ಜನರಿಗೆ ಅರ್ಥವಾಗಲೆಂದು!

ಕಾಲಕ್ರಮದಲ್ಲಿ ಜನರ ನಾಲಿಗೆ ಬದಲಾಯಿತು, ಬಲಿಪೀಠದ ಭಾಷೆ ಬದಲಾಗಲಿಲ್ಲ. ಆದರೂ ಭಕ್ತಿ ತನ್ನ ದಾರಿ ಕಂಡುಕೊಂಡಿತು. ಮಠಗಳಲ್ಲಿ ಸನ್ಯಾಸಿಗಳು 150 ಕೀರ್ತನೆಗಳನ್ನು ಹಾಡುತ್ತಿದ್ದರೆ, ಓದು ಬಾರದವರು ಅಷ್ಟೇ ಸಂಖ್ಯೆಯ ಪ್ರಾರ್ಥನೆಗಳನ್ನು ಮಣಿ ಎಣಿಸುತ್ತಾ ಹೇಳಿದರು. ಜಪಸರ ಬೆಳೆದುಬಂದ ಬಗೆ ಇದು. ಹನ್ನೆರಡನೆಯ ಶತಮಾನದಲ್ಲಿ ಗುಯಿಗೋ ಎಂಬ ಸನ್ಯಾಸಿ ಧರ್ಮಗ್ರಂಥದ ಓದಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಆದರೆ ಮೊದಲ ಮೆಟ್ಟಿಲನ್ನೇ ಹತ್ತಲಾಗದ ಜನಸಾಮಾನ್ಯರು ಏನು ಮಾಡಬೇಕಿತ್ತು?

ಈ ಕೊರತೆ ಧರ್ಮಸಭೆಗೆ ತಿಳಿಯದ್ದೇನಲ್ಲ. 1562ರಲ್ಲಿ ಟ್ರೆಂಟ್ ಮಹಾಸಭೆ, ಎಲ್ಲೆಡೆ ಆಡುಭಾಷೆಯಲ್ಲಿ ಪೂಜೆ ಸೂಕ್ತವಲ್ಲ ಎಂದಿತು. ಆದರೆ ಪೂಜೆಯಲ್ಲಿ ಓದಿದ್ದನ್ನು ಗುರುಗಳು ಆಗಾಗ ಜನರಿಗೆ ವಿವರಿಸಬೇಕೆಂದೂ ಆದೇಶಿಸಿತು. 1570ರ ಪೂಜಾಗ್ರಂಥದಲ್ಲಿ ವಾಚನಗಳು ವರ್ಷಕ್ಕೊಮ್ಮೆ ಮರುಕಳಿಸುತ್ತಿದ್ದವು; ಭಾನುವಾರಗಳಂದು ಹಳೆಯ ಒಡಂಬಡಿಕೆಯ ಓದು ತೀರಾ ಅಪರೂಪವಾಗಿತ್ತು.

ನಾಲ್ಕು ಶತಮಾನಗಳ ಈ ಪದ್ಧತಿ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಬದಲಾಯಿತು. 1963ರ ಡಿಸೆಂಬರ್ 4ರಂದು ಆರಾಧನಾ ಸುಧಾರಣೆಯ ದಾಖಲೆಗೆ 2147 ಮತಗಳು ಪರವಾಗಿ ಬಂದರೆ, ವಿರುದ್ಧ ಬಂದದ್ದು ಕೇವಲ 4. ಆಡುಭಾಷೆಗೆ ಬಾಗಿಲು ತೆರೆಯಿತು. ಬೈಬಲಿನ ಹೆಚ್ಚಿನ ಭಾಗ ಜನರಿಗೆ ತಲುಪಬೇಕು, ಭಾನುವಾರದ ಪ್ರಬೋಧನೆಯನ್ನು ಗಂಭೀರ ಕಾರಣವಿಲ್ಲದೆ ಬಿಡಕೂಡದು ಎಂದು ತೀರ್ಮಾನವಾಯಿತು. 1969ರಲ್ಲಿ ಹೊಸ ವಾಚನಕ್ರಮ ಬಂತು. ಭಾನುವಾರಗಳಿಗೆ ಮೂರು ವರ್ಷಗಳ ಆವರ್ತನೆ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಯೊವಾನ್ನನ ಶುಭಸಂದೇಶ ಮುಖ್ಯವಾಗಿ ತಪಸ್ಸುಕಾಲ ಮತ್ತು ಪಾಸ್ಖ ಕಾಲದಲ್ಲಿ. ಜನರ ನಡುವಿನಿಂದಲೇ ಒಬ್ಬರು ಎದ್ದುಹೋಗಿ ಮೊದಲ ವಾಚನ ಓದುವುದು ಸಾಮಾನ್ಯವಾಯಿತು.

ಜನರ ಭಾಷೆ ಎಂದೊಡನೆ ಯಾವ ಜನರದು ಎಂಬ ಪ್ರಶ್ನೆಯೂ ಏಳುತ್ತದೆ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ತಮಿಳುಗಳ ನಡುವೆ ದಶಕಗಳ ಕಾಲ ನಡೆದ ಜಗ್ಗಾಟ ಇದಕ್ಕೆ ಸಾಕ್ಷಿ. ಇತ್ತ ಲ್ಯಾಟಿನ್ನಿನ ಗಾಂಭೀರ್ಯ ಕಳೆದುಹೋಯಿತೆಂದು ಮರುಗುವವರೂ ಇದ್ದಾರೆ; ಅವರ ನೋವನ್ನು ಹಗುರವಾಗಿ ಕಾಣಬಾರದು. 2021ರಲ್ಲಿ ಪೋಪ್ ಫ್ರಾನ್ಸಿಸ್ ಹಳೆಯ ಪೂಜಾಕ್ರಮಕ್ಕೆ ಮಿತಿ ಹಾಕಿದಾಗ, ಅಲ್ಲಿಯೂ ವಾಚನಗಳು ಜನರ ಭಾಷೆಯಲ್ಲೇ ಇರಬೇಕೆಂದು ವಿಧಿಸಿದರು.

ಅರ್ಥವಾಗದ ಮಾತಿಗೆ ತಲೆಬಾಗುವುದು ಸುಲಭ. ನೆರೆಯವನನ್ನು ಪ್ರೀತಿಸು ಎಂಬುದು ಮನೆಯ ಮಾತಿನಲ್ಲೇ ಕಿವಿಗೆ ಬಿದ್ದ ಮೇಲೆ, ತಿಳಿಯಲಿಲ್ಲ ಎಂಬ ನೆಪ ಉಳಿಯುವುದಿಲ್ಲ. ಯಾವ ಧರ್ಮದವರೇ ಆಗಲಿ, ಕೇಳಿ ಹೊರಬಂದ ಮೇಲೆ ನಾವು ನೆರೆಯವರೊಡನೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ಉಳಿಯುವ ಪ್ರಶ್ನೆ.